ಮಂಗಳೂರಿಗೆ ಹೊರಟ ಮೇಷ್ಟ್ರ ಅಂಗಿ ಲೆಕ್ಕ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು, ಜೊತೆಗೆ ಗಂಡಸರ ಕಪಾಟಿನಲ್ಲಿ ಇರಲೇಬೇಕಾದ ಬಟ್ಟೆಗಳು ಅಂತ ನೀನು ಕಳಿಸಿದ ಪಟ್ಟಿ, ಎರಡೂ ನೋಡಿದೆ. ನೀನು ಪಾಠ ಮಾಡಲು ಹೊರಟಿರುವುದು ಮಂಗಳೂರಿನ ಕಾಲೇಜಿಗೆ. ಪಟ್ಟಿಯಲ್ಲಿ ನೋಡಿದರೆ ಉಣ್ಣೆ ಕೋಟು, ಕುತ್ತಿಗೆ ಮುಚ್ಚುವ ಸ್ವೆಟರು, ಕಣಕಾಲು ಮುಚ್ಚುವ ಚರ್ಮದ ಬೂಟು! ಹಿಮ ಬೀಳುವ ಊರಿನವರು ತಮಗೆ ಬೇಕಾದ್ದನ್ನು ಬರೆದುಕೊಂಡಿದ್ದಾರೆ, ಅವರದೇನೂ ತಪ್ಪಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಹೊಯ್ಯುವ, ಮಳೆ ಬಿಟ್ಟರೆ ಬೆವರು ಬಿಡದ ಊರಿಗೆ ಅದನ್ನು ಹೊತ್ತುಕೊಂಡು ಹೋಗಬೇಡ ಮಾರಾಯಾ.

ಅಂಗಡಿಗೆ ಹೋಗುವ ಮೊದಲು ಕಪಾಟಿನಲ್ಲಿರುವುದನ್ನೆಲ್ಲ ಮಂಚದ ಮೇಲೆ ಸುರಿ. ಒಗೆದು ಒಣಗಿದ ಕೂಡಲೇ ಮತ್ತೆ ಮೈಗೇರುವ ಬಟ್ಟೆ ಯಾವುದು, ಯಾರದೋ ಗೃಹಪ್ರವೇಶದಲ್ಲಿ ಕೊಟ್ಟಿದ್ದು ಪಿನ್ನು ಸಮೇತ ಹಾಗೇ ಕೂತಿರುವುದು ಯಾವುದು, ಬೇರೆ ಮಾಡು. ನಾನು ಇಲ್ಲಿಂದಲೇ ಹೇಳಬಲ್ಲೆ: ಮಾಸಿದ ನೀಲಿ ಅಂಗಿ, ಕಾಫಿಪುಡಿ ಬಣ್ಣದ ಪ್ಯಾಂಟು, ಬೂದು ಬಣ್ಣದ ಜುಬ್ಬ. ನೀನು ತೋಳು ಮಡಚದೆ ಕೂತಿದ್ದನ್ನು ನಾನಂತೂ ಕಂಡಿಲ್ಲ. ಕುತ್ತಿಗೆ ಗುಂಡಿ ಹಾಕಿದರೆ ಉಸಿರು ಕಟ್ಟುತ್ತದೆ ಅಂತೀಯ. ನಿನ್ನ ಸ್ಟೈಲು ಇದೇ. ಅದನ್ನು ಹೊಸದಾಗಿ ಹುಡುಕುವ ಕೆಲಸವಿಲ್ಲ, ಅದಕ್ಕೆ ತಕ್ಕ ಬಟ್ಟೆ ಜೋಡಿಸಿಕೊಂಡರಾಯಿತು. ಬಿಳಿ ಅಂಗಿ ಎಲ್ಲರಿಗೂ ಬೇಕೇ ಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೆಂಪು ನೀರು ಹಾರುವ ಕರಾವಳಿಯ ಮಳೆಗಾಲದಲ್ಲಿ ಬಸ್ಸಿಳಿದು ನಡೆಯುವವನಿಗೆ ಅದು ಶಿಕ್ಷೆ.

ವಾರಕ್ಕೆ ಆರು ದಿನ ಪಾಠವೆಂದರೆ ಆರು ಅಂಗಿ, ಮೂರು ಪ್ಯಾಂಟು ಸಾಕು. ಆದರೆ ಯಾವ ಅಂಗಿ ಯಾವ ಪ್ಯಾಂಟಿಗೂ ಹೊಂದುವ ಹಾಗಿರಲಿ. ತಿಳಿ ನೀಲಿ, ಕಡು ನೀಲಿ, ಬೂದು, ಸಣ್ಣ ಗೆರೆಯದ್ದೊಂದು, ಹೀಗೆ. ಮತ್ತೊಂದು ಅಂಗಿ ನಮ್ಮ ಕಡೆಯದೇ ಇರಲಿ: ಸಾಗರದ ಹತ್ತಿರದ ಭೀಮನಕೋಣೆಯಲ್ಲಿ ಚರಕ ಅನ್ನುವ ಮಹಿಳೆಯರ ಸಹಕಾರ ಸಂಘದವರು ಅಡಿಕೆ ಚೊಗರಿನಲ್ಲಿ, ಅಂದರೆ ಅಡಿಕೆ ಬೇಯಿಸಿದಾಗ ಉಳಿಯುವ ಕೆಂಪು ರಸದಲ್ಲಿ, ಬಣ್ಣ ಹಾಕಿದ ಕೈಮಗ್ಗದ ಬಟ್ಟೆ ಮಾಡುತ್ತಾರಲ್ಲ, ಅದು. ಅಡಿಕೆ ಸುಲಿಯುವ ಕಾಲದಲ್ಲಿ ಚೊಗರು ಮೆತ್ತಿಕೊಂಡು ಬಂದರೆ ಅಮ್ಮಂದಿರು ಬೈಯುತ್ತಿದ್ದರು, ಎಷ್ಟು ತಿಕ್ಕಿದರೂ ಕಲೆ ಹೋಗುತ್ತಿರಲಿಲ್ಲ. ಹೋಗದ ಆ ಗುಣಕ್ಕೇ ಈಗ ನಾವು ದುಡ್ಡು ಕೊಡುವುದು! ಪ್ಯಾಂಟಿನಲ್ಲಿ ಒಂದು ಖಾಕಿ ಇರಲಿ. ಖಾಕಿ ಬಣ್ಣ ಮೊದಲು ತಯಾರಾಗಿದ್ದು ತಮ್ಮೂರಲ್ಲೇ, ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿಗಳ ಹಿಂದಿನ ನೇಯ್ಗೆ ಕಾರ್ಖಾನೆಯಲ್ಲಿ ಅಂತ ಮಂಗಳೂರಿನವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಸ್ಟಾಫ್ ರೂಮಿನಲ್ಲಿ ಮಾತಿಗೂ ಆಯಿತು.

ಜೀನ್ಸ್ ಬೇಕಾದರೆ ತೆಳ್ಳಗಿನದು ಒಂದು. ದಪ್ಪ ಜೀನ್ಸು ಜುಲೈಯಲ್ಲಿ ಒಗೆದರೆ ಒಣಗುವುದು ಯಾವಾಗಲೋ, ಅಷ್ಟರಲ್ಲಿ ಮುಗ್ಗಲು ವಾಸನೆ ಹಿಡಿದಿರುತ್ತದೆ. ಊರಲ್ಲಾದರೆ ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತೇವೆ, ಫ್ಲಾಟಿನಲ್ಲಿ ಎಲ್ಲಿ ಬಚ್ಚಲೊಲೆ? ಲಿನನ್ ಬೇಗ ಒಣಗುತ್ತದೆ, ಗಾಳಿಯಾಡುತ್ತದೆ. ಸುಕ್ಕಾಗುತ್ತದೆ ನಿಜ, ತೋಳು ಮಡಚುವವನಿಗೆ ಸುಕ್ಕಿನ ಚಿಂತೆ ಯಾಕೆ? ಬರೀ ಪಾಲಿಯೆಸ್ಟರ್ ಮಾತ್ರ ಬೇಡ. ಒಣಗುವುದೇನೋ ಬೇಗ, ಆದರೆ ಸೆಕೆಯಲ್ಲಿ ಬೆವರಿನ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಮುಂದಿನ ಬೆಂಚಿನವರ ಪಾಡು ನೆನೆಸಿಕೋ.

ಅರ್ಧ ಬಟ್ಟೆಯನ್ನಾದರೂ ಹೊಲಿಸಿಕೋ. ನಿನ್ನ ಭುಜ ಅಗಲ, ಹೊಟ್ಟೆ ಸಣ್ಣ. ರೆಡಿಮೇಡು ಒಂದು ಕಡೆ ಸರಿಯಾದರೆ ಇನ್ನೊಂದು ಕಡೆ ಜೋಲುತ್ತದೆ. ಹೊಟ್ಟೆಯ ಹತ್ತಿರ ಹಿಡಿಸುವುದು ಟೈಲರಿಗೆ ಸುಲಭ, ಭುಜ ಬಿಚ್ಚಿ ಸರಿಮಾಡುವುದು ದೊಡ್ಡ ರಗಳೆ. ಹಾಗಾಗಿ ರೆಡಿಮೇಡು ಕೊಂಡರೂ ತೋಳಿನ ಹೊಲಿಗೆ ಭುಜದ ಮೂಳೆಯ ತುದಿಗೆ ಬರುತ್ತದೋ ನೋಡಿಯೇ ತೆಗೆದುಕೋ. 58 ಇಂಚು ಅಗಲದ ಬಟ್ಟೆಯಾದರೆ ತುಂಬು ತೋಳಿನ ಅಂಗಿಗೆ ಸುಮಾರು 1.6 ಮೀಟರ್ ಸಾಕು. 36 ಇಂಚಿನ ಕೈಮಗ್ಗದ್ದಾದರೆ ಎರಡೂವರೆ ಮೀಟರಿನ ಆಸುಪಾಸು ಬೇಕು. ಕೈಮಗ್ಗದ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ರಾತ್ರಿ ನೆನೆಸಿ, ನೆರಳಲ್ಲಿ ಒಣಗಿಸಿ, ಆಮೇಲೆ ಟೈಲರಿಗೆ ಕೊಡು. ಪ್ಯಾಂಟಿನ ಸೊಂಟದ ಹಿಂದೆ ಒಂದೂವರೆ ಇಂಚು ಬಟ್ಟೆ ಒಳಗೆ ಬಿಡಲು ಹೇಳು. ಮಂಗಳೂರಿನ ನೀರ್‌ದೋಸೆ, ಕೋರಿ ರೊಟ್ಟಿ ನಿನ್ನನ್ನು ಹೀಗೇ ಇರಲು ಬಿಡುತ್ತವೆ ಅಂತ ನನಗೆ ನಂಬಿಕೆಯಿಲ್ಲ.

ಕಾಲೇಜಿನಲ್ಲಿ ಇನ್‌ಶರ್ಟ್ ಕಡ್ಡಾಯವೋ ಅಂತ ಮೊದಲೇ ಕೇಳಿಕೋ. ಕಡ್ಡಾಯವಾದರೆ ಅಂಗಿ ಉದ್ದ ಇರಬೇಕು, ಬೋರ್ಡಿಗೆ ಕೈ ಎತ್ತಿದಾಗ ಹೊರಗೆ ಬರಬಾರದು. ಇಲ್ಲವಾದರೆ ಕೆಳಅಂಚು ನೇರವಾಗಿರಲಿ, ಪಕ್ಕಕ್ಕೆ ಸಣ್ಣ ಸೀಳು ಇರಲಿ. ಚಪ್ಪಲಿ, ಬೂಟಿನ ವಿಷಯ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಮಳೆಗಾಲಕ್ಕೆ ರಬ್ಬರಿನದ್ದೊಂದು ಇಟ್ಟುಕೋ, ಅಷ್ಟೆ.

ಎಲ್ಲವನ್ನೂ ಒಂದೇ ಸಲ ಕೊಳ್ಳಬೇಡ. ಸದ್ಯ ಎರಡು ಅಂಗಿ, ಒಂದು ಪ್ಯಾಂಟು. ಒಂದು ಮಳೆಗಾಲ ಅಲ್ಲಿ ಕಳೆದ ಮೇಲೆ ಉಳಿದದ್ದು. ಚರಕದ ಬಟ್ಟೆ ನಾನೇ ಆರಿಸಿ ತರುತ್ತೇನೆ. ಗೆರೆಯದ್ದು ಬೇಕೋ ಸಾದಾ ಬೇಕೋ ಮಾತ್ರ ಈ ವಾರದೊಳಗೆ ತಿಳಿಸು.

ಇಂತಿ ನಿನ್ನ,
ಸಾಗರದ ಗೆಳೆಯ