ಮೇಣದ ಪಾತ್ರೆ: ಮಗಳಿಗೊಂದು ಪತ್ರ

ಪುಟ್ಟಿ,

"ಬಾಟಿಕ್ ಕ್ಲಾಸಲ್ಲಿ ನಾನು ಮಾಡೋದೆಲ್ಲ ಟೀಚರ್ ಮಾಡಿದ ಹಾಗೇ ಕಾಣುತ್ತೆ ಅಮ್ಮ" ಅಂತ ನೀನು ನಿನ್ನೆ ಫೋನಿನಲ್ಲಿ ಬೇಜಾರು ಮಾಡಿಕೊಂಡೆ. ಕುಕ್ಕರ್ ಕೂಗುತ್ತಿತ್ತು, ಏನೂ ಹೇಳಲಾಗಲಿಲ್ಲ. ಅದಕ್ಕೇ ಈ ಪತ್ರ.

ದಕ್ಷಿಣ ಆಸ್ಟ್ರೇಲಿಯಾದ ಮರುಭೂಮಿ ಕಡೆ ಎರ್ನಬೆಲ್ಲಾ ಅಂತ ಒಂದು ಊರಿದೆ. 1948ರಲ್ಲಿ ಅಲ್ಲಿನ ಮಿಷನ್ನಿನವರು ಮೂಲನಿವಾಸಿ ಹೆಂಗಸರಿಗಾಗಿ ಕರಕುಶಲ ಕೋಣೆ ತೆರೆದರು. ಮೊದಲು ಉಣ್ಣೆ ಕೆಲಸ. ಬಟ್ಟೆ ಮೇಲೆ ಬಿಸಿ ಮೇಣದಲ್ಲಿ ಗೆರೆ ಎಳೆದು ಬಣ್ಣಕ್ಕೆ ಅದ್ದುವ ಬಾಟಿಕ್ ಬಂದಿದ್ದು 1971ರಲ್ಲಿ. 1975ರಲ್ಲಿ ಅವರಲ್ಲಿ ಮೂವರು ಇಂಡೋನೇಷ್ಯಾದ ಜಾವಾ ದ್ವೀಪದ ಯೋಗ್ಯಕರ್ತಾಕ್ಕೇ ಹೋಗಿ ಕಲಿತು ಬಂದರು. ಮೇಣದ ಲೇಖನಿ ಚಾಂಟಿಂಗ್ ಹಿಡಿಯುವುದನ್ನು ತಂದರು, ಜಾವಾದ ಚಿತ್ತಾರ ತರಲಿಲ್ಲ. ಬಿಡಿಸಿದ್ದು ತಮ್ಮದೇ ವಾಲ್ಕಾ. ಬಳುಕುವ, ಸುತ್ತಿಕೊಳ್ಳುವ ಗೆರೆಗಳು. ಹುಡುಗಿಯರಾಗಿದ್ದಾಗಿನಿಂದ ಕೈಗೆ ರೂಢಿಯಾದವು.

ಚಾಂಟಿಂಗ್ ಅಂದರೆ ಮರದ ಹಿಡಿ, ತುದಿಗೆ ಸಣ್ಣ ತಾಮ್ರದ ಬಟ್ಟಲು, ಅದಕ್ಕೊಂದು ಸಪೂರ ಮೂತಿ. ಮದುವೆಗೆ ಮುಂಚೆ ನಾನೂ ಬಾಟಿಕ್ ಕ್ಲಾಸಿಗೆ ಹೋಗಿದ್ದೆನಲ್ಲ! ಮೇಣ ಜಾಸ್ತಿ ಕಾದರೆ ಬಟ್ಟೆ ಮೇಲೆ ಎಣ್ಣೆ ಹಾಗೆ ಹರಡುತ್ತದೆ. ಸ್ವಲ್ಪ ಆರಿದರೆ ಮೇಲೇ ಕೂರುತ್ತದೆ, ಅಡಿಯಿಂದ ಬಣ್ಣ ನುಗ್ಗುತ್ತದೆ. ನನ್ನ ನವಿಲು ಕೋಳಿಯಾಗಿತ್ತು.

1977ರಲ್ಲಿ ಬಾಟಿಕ್ ಉತ್ತರಕ್ಕೆ, ಯುಟೋಪಿಯಾ ಅನ್ನುವ ಕಡೆಗೆ ಹೋಯಿತು. ಅಲ್ಲಿ ಬಯಲಲ್ಲೇ ಬೆಂಕಿ ಹಾಕಿಕೊಂಡು ಮಾಡುತ್ತಿದ್ದರು. ಅಲ್ಲಿನ ಹೆಂಗಸರು ಹಾಡು ಕುಣಿತದ ಶಾಸ್ತ್ರಕ್ಕೆ ಎದೆ ಮೇಲೆ ಬರೆದುಕೊಳ್ಳುತ್ತಿದ್ದ ಗೆರೆಗಳೇ ರೇಷ್ಮೆಗೆ ಇಳಿದವು. ಎರ್ನಬೆಲ್ಲಾದ ಹಾಗೆ ಕಾಣುವುದೇ ಇಲ್ಲ. ಕಲಿತದ್ದು ಒಂದೇ ವಿದ್ಯೆ, ನೋಡು! 1988ರಲ್ಲಿ 88 ರೇಷ್ಮೆ ಬಟ್ಟೆ ಮಾಡಿದರು. ಆಮೇಲೆ ಯೋಗ್ಯಕರ್ತಾದ 'ಬ್ರಹ್ಮ ತೀರ್ಥ ಸಾರಿ' ಸ್ಟುಡಿಯೊದ ದಂಪತಿ ಇವರ ಜೊತೆ ಸೇರಿ ಕೆಲಸ ಮಾಡಿದರು. ಹೆಸರು ಕೇಳಿದರೆ ನಮ್ಮ ಕಡೆಯ ದೇವಸ್ಥಾನದ ಕೊಳ ಅನ್ನಿಸುತ್ತೆ, ಅಲ್ವಾ?

ಆ ಗುಂಪಿನಲ್ಲೇ ಎಮಿಲಿ ಕಾಮೆ ಉಂಗ್ವಾರೆ ಇದ್ದರು. ಸುಮಾರು ಹನ್ನೊಂದು ವರ್ಷ ಬಾಟಿಕ್ ಮಾಡಿ, ಎಂಬತ್ತರ ಹತ್ತಿರ ಬಂದಾಗ ಕ್ಯಾನ್‌ವಾಸ್ ಹಿಡಿದರು. ಲೋಕವೆಲ್ಲ ಹೆಸರಾದರು. ಬಟ್ಟೆ ಯಾಕೆ ಬಿಟ್ಟಿರಿ ಅಂದರೆ, ಮೇಣ ಬಿಡಿಸಲು ಕುದಿಸಿ ಕುದಿಸಿ ಸಾಕಾಯಿತು, ಸೋಮಾರಿತನ ಬಂತು ಅಂದರಂತೆ. ಎಂಥ ಸೋಮಾರಿತನ! ಮುಂದಿನ ಏಳೆಂಟು ವರ್ಷದಲ್ಲಿ ಅಜ್ಜಿ ಸಾವಿರಾರು ಚಿತ್ರ ಬರೆದರು.

ನಾನು ಮೇಣ ಕಾಯಿಸಿದ ಪಾತ್ರೆ ಇನ್ನೂ ಅಟ್ಟದ ಮೇಲಿದೆ. ನಿನ್ನಜ್ಜಿ ಅದನ್ನು ಮತ್ತೆ ಒಲೆ ಮೇಲಿಡಲು ಬಿಡಲೇ ಇಲ್ಲ. ಹಬ್ಬಕ್ಕೆ ಬಂದಾಗ ತಗೊಂಡು ಹೋಗು.

ನಿನ್ನ
ಅಮ್ಮ