ನೆರಳಿನ ಬಣ್ಣ ತೋರಿಸಿಕೊಟ್ಟ ಹಿರಿಯರಿಗೆ

ಬೆಳಗಾವಿಯ ಟಿಳಕವಾಡಿಯಲ್ಲಿ ಈಚೆಗೆ ನಡೆದ ಚಿತ್ರಕಲಾ ಪ್ರದರ್ಶನದಲ್ಲಿ, ಸೇವಂತಿಗೆ ಹೂಗಳ ತೈಲವರ್ಣ ಚಿತ್ರವೊಂದರ ಮುಂದೆ ನಿಂತಿದ್ದ ನನಗೆ ಅದನ್ನು ನೋಡುವ ಬಗೆಯನ್ನು ಆತ್ಮೀಯವಾಗಿ ತಿಳಿಸಿಕೊಟ್ಟ ಶಹಾಪುರದ ಹಿರಿಯ ನೇಕಾರರಿಗೆ ಹೃತ್ಪೂರ್ವಕ ಧನ್ಯವಾದಗಳು. ಹೆಸರು ಕೇಳುವಷ್ಟರಲ್ಲಿ ತಾವು ಹೊರಟುಹೋಗಿದ್ದಿರಿ.

ಬಿಳಿ ಮೇಜುಬಟ್ಟೆಯ ಮೇಲೆ ಬಿದ್ದ ಹೂದಾನಿಯ ನೆರಳನ್ನು ಹತ್ತಿರದಿಂದ ನೋಡುವಂತೆ ತಾವು ಹೇಳಿದಿರಿ. ಅಲ್ಲಿ ಕಪ್ಪಿನ ಲವಲೇಶವೂ ಇರಲಿಲ್ಲ. ತೆಳು ನೇರಳೆಯ ಮೇಲೆ ನೀಲಿಯ ಗೀರುಗಳಿದ್ದವು, ಆ ನೇರಳೆ ಪಕ್ಕದಲ್ಲಿದ್ದುದರಿಂದಲೇ ಹಳದಿ ಎಸಳುಗಳು ಬಿಸಿಲು ಹೀರಿಕೊಂಡಂತೆ ಬೆಳಗುತ್ತಿದ್ದವು. ಗಾಜಿನ ಅಂಚಿನ ಹೊಳಪೆಂದರೆ ದಪ್ಪ ಬಿಳಿ ಬಣ್ಣದ ಒಂದೇ ಒಂದು ಎಳೆತ. "ನೀಲಿ ಒಡಲಿನ್ಯಾಗ ಕರಿ ನೂಲು ಹಾಕಿದ್ರ ಕರಿ ಮಂಕ ಕಾಣತದ್ರಿ, ಬಾಜೂಕಿನ ಬಣ್ಣ ನೋಡ್ಕೊಂಡ ಹಾಕಬೇಕು" ಎಂದು ಮಗ್ಗದ ಅನುಭವವನ್ನೂ ಹೇಳಿದಿರಿ.

ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಹೊಣೆ ಹೊತ್ತಿದ್ದ ರಸಾಯನವಿಜ್ಞಾನಿ ಷೆವ್ರಲ್ ಅವರಿಗೆ ಬಂದಿದ್ದೂ ಇಂಥದೇ ದೂರು. ದೋಷ ಕಪ್ಪು ನೂಲಿನದಲ್ಲ, ಪಕ್ಕದ ನೀಲಿ ಮತ್ತು ನೇರಳೆಗಳ ಪ್ರಭಾವ ಎಂದು ಕಂಡುಕೊಂಡ ಅವರು 1839ರಲ್ಲಿ ಪ್ರಕಟಿಸಿದ ವಿವರಣೆ ಮುಂದೆ ಫ್ರಾನ್ಸಿನ ಅನೇಕ ವರ್ಣಚಿತ್ರಕಾರರಿಗೆ ದಾರಿ ತೋರಿತು. ಆಧುನಿಕ ಹೂಚಿತ್ರಗಳಲ್ಲಿ ಬೆಳಕು ಬಿಳಿ ಬಣ್ಣದಿಂದಲ್ಲ, ಬಣ್ಣಗಳ ಈ ನೆರೆಹೊರೆಯಿಂದಲೇ ಹೆಚ್ಚಾಗಿ ಹುಟ್ಟುತ್ತದೆ ಎಂಬುದನ್ನು ಚಿತ್ರದೆದುರೇ ನಿಲ್ಲಿಸಿ ತೋರಿಸಿಕೊಟ್ಟ ತಮಗೆ ನಾನು ಋಣಿ.

ಈ ಬರಹ ತಮ್ಮನ್ನು ತಲುಪಿದರೆ, ದಯವಿಟ್ಟು ಮುಂದಿನ ಪ್ರದರ್ಶನಕ್ಕೂ ಬನ್ನಿ. ನಮ್ಮ ಮನೆಯ ಮಕ್ಕಳನ್ನೂ ಕರೆದುಕೊಂಡು ಬರುತ್ತೇನೆ.