ಎರಡನೇ ರೂಮಿಗೂ ತಿಂಡಿ ಉಂಟು ಎಂದು ಹೇಳಿ, ಕೊನೆಗೆ ಇಲ್ಲ ಅಂದದ್ದರ ಬಗ್ಗೆ ದೂರು

ಮೈಸೂರು,
ನವೆಂಬರ್ 11, 2024

ಇವರಿಗೆ,
ಮುಖ್ಯಸ್ಥರು, ಸದಸ್ಯರ ಸೇವಾ ವಿಭಾಗ,
ಹೋಟೆಲ್ ಸಮೂಹದ ಕೇಂದ್ರ ಕಚೇರಿ

ವಿಷಯ: ಉದಯಪುರದಲ್ಲಿ ಪಾಯಿಂಟ್ ಕೊಟ್ಟು ಪಡೆದ ಎರಡು ರೂಮುಗಳಲ್ಲಿ ಒಂದಕ್ಕೆ ಉಚಿತ ತಿಂಡಿ ಕೊಡದಿರುವುದು

ಮಾನ್ಯರೇ,

ನಾನು ಐದು ವರ್ಷದಿಂದ ನಿಮ್ಮ ಸದಸ್ಯೆ. ಈಗ ಗೋಲ್ಡ್ ದರ್ಜೆಯಲ್ಲಿದ್ದೇನೆ. ಈ ವಿಷಯವಾಗಿ ಎರಡು ಸಲ ಇಮೇಲ್ ಮಾಡಿದೆ. ಎರಡಕ್ಕೂ ಒಂದಕ್ಷರ ಬದಲಾಗದ ಅದೇ ಉತ್ತರ ಬಂತು. ಅದಕ್ಕೇ ಈ ಪತ್ರವನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ದಯವಿಟ್ಟು ಯಾರಾದರೂ ಪೂರ್ತಿ ಓದಿ.

ಆಡಿಟ್ ಕೆಲಸಕ್ಕೆ ಊರೂರು ತಿರುಗುವಾಗ ನಿಮ್ಮ ಹೋಟೆಲುಗಳಲ್ಲೇ ಉಳಿದು ಕೂಡಿಟ್ಟ ಪಾಯಿಂಟುಗಳು ನನ್ನವು. ಜೊತೆಯವರು ಆಫೀಸಿನ ಪಕ್ಕದ ಲಾಡ್ಜಿನಲ್ಲಿ ಇಳಿದರೆ, ನಾನು ಆರು ಕಿಲೋಮೀಟರ್ ಆಟೋದಲ್ಲಿ ಹೋಗಿ ನಿಮ್ಮಲ್ಲಿ ಇಳಿದದ್ದುಂಟು. ಮನೆಯವರನ್ನೆಲ್ಲ ಒಮ್ಮೆ ರಾಜಸ್ಥಾನಕ್ಕೆ ಕರೆದುಕೊಂಡು ಹೋಗಬೇಕು ಅನ್ನುವ ಒಂದೇ ಆಸೆಗೆ.

ಈ ಸಲದ ದಸರಾ ರಜೆಯಲ್ಲಿ ಅದು ಕೂಡಿಬಂತು. ನಾನು, ನಮ್ಮ ಯಜಮಾನರು, ಇಬ್ಬರು ಮಕ್ಕಳು, 71 ವರ್ಷದ ಅತ್ತೆ, ಒಟ್ಟು ಐದು ಜನ. ಜಂಬೂಸವಾರಿ ನೋಡಿಕೊಂಡು, ಅವತ್ತು ರಾತ್ರಿಯೇ ಫ್ಲೈಬಸ್ ಹತ್ತಿ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಹೋದೆವು. 13ರಂದು ಜೈಪುರ, 15ಕ್ಕೆ ರೈಲಿನಲ್ಲಿ ಜೋಧಪುರ, 17ಕ್ಕೆ ಕಾರಿನಲ್ಲಿ ಉದಯಪುರ, 20ಕ್ಕೆ ಅಲ್ಲಿಂದಲೇ ವಾಪಸ್ ವಿಮಾನ. ರಾಣಕಪುರದ ಬಸದಿಯೊಳಗೆ ಪ್ರವಾಸಿಗರನ್ನು ಮಧ್ಯಾಹ್ನ 12ರ ಮೇಲೇ ಬಿಡುವುದು ಎಂದು ತಿಳಿದುಕೊಂಡು, ಜೋಧಪುರ ಬಿಡುವ ಹೊತ್ತನ್ನೂ ಅದಕ್ಕೆ ಹೊಂದಿಸಿದ್ದೆ. ಅಷ್ಟು ಲೆಕ್ಕ ಹಾಕಿ ಹೊರಟವರು ನಾವು.

ದುಡ್ಡಿನ ಲೆಕ್ಕವೂ ಅಷ್ಟೇ. ಕಡಿಮೆ ದರದ ವಿಮಾನ ಹಿಡಿದೆವು. ಅವರು ಮೊದಲೇ ಹೇಳಿದರು: ತಲೆಗೆ 15 ಕಿಲೋ ಲಗೇಜು, ಕೈಯಲ್ಲಿ 7 ಕಿಲೋ, ಸೀಟು ಬೇಕಾದಲ್ಲಿ ಬೇಕಂದ್ರೆ ಬೇರೆ ದುಡ್ಡು, ಊಟಕ್ಕೆ ಬೇರೆ ದುಡ್ಡು. ಸರಿ, ಮನೆಯಲ್ಲೇ ತಕ್ಕಡಿಯಲ್ಲಿ ಬ್ಯಾಗ್ ತೂಗಿ, ಚಪಾತಿ ಕಟ್ಟಿಕೊಂಡು ಹೋದೆವು. ಇಲ್ಲ ಅಂದದ್ದು ಇಲ್ಲ. ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ನೀವು ಮಾತ್ರ ಉಂಟು ಅಂದಿರಿ. ಉದಯಪುರದಲ್ಲಿ ಪಿಚೋಲಾ ಸರೋವರದ ಹತ್ತಿರ ಅಕ್ಟೋಬರಿನಲ್ಲಿ ರೂಮಿನ ದರ ಏರಿರುತ್ತದೆ. ಅದಕ್ಕೇ ಪಾಯಿಂಟನ್ನೆಲ್ಲ ಅಲ್ಲಿಗೆ ಉಳಿಸಿಕೊಂಡೆ. ಎರಡು ರೂಮು, ಮೂರು ರಾತ್ರಿ, 72,000 ಪಾಯಿಂಟ್. ಜೈಪುರದಲ್ಲಿ ದುಡ್ಡು ಕೊಟ್ಟು ಉಳಿದದ್ದೂ ನಿಮ್ಮಲ್ಲೇ. ಬೇರೆ ಆ್ಯಪಿನಲ್ಲಿ ಅದೇ ರೂಮು ರಾತ್ರಿಗೆ 600 ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ಹಾಗೆ ಬುಕ್ ಮಾಡಿದರೆ ಪಾಯಿಂಟೂ ಬರುವುದಿಲ್ಲ, ಉಚಿತ ತಿಂಡಿಯಂಥ ಸದಸ್ಯರ ಸೌಲಭ್ಯವೂ ಇರುವುದಿಲ್ಲ ಅನ್ನುವುದು ನಿಮ್ಮ ನಿಯಮ. ಆ ನಿಯಮಕ್ಕೆ ತಲೆಬಾಗಿ ಎರಡು ರೂಮಿಗೆ ಎರಡು ರಾತ್ರಿ, 2,400 ರೂಪಾಯಿ ಜಾಸ್ತಿ ಕೊಟ್ಟೆ.

ಬುಕ್ ಮಾಡುವ ಮುಂಚೆ, ಆಗಸ್ಟ್ 18ರಂದು, ನಿಮ್ಮ ಚಾಟಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದೆ. "ಎರಡನೇ ರೂಮಿನಲ್ಲಿ ನಮ್ಮ ಅತ್ತೆ ಮತ್ತು ಮಗಳು ಇರುತ್ತಾರೆ. ಅವರಿಗೂ ತಿಂಡಿ ಉಚಿತವೇ?" ಬಂದ ಉತ್ತರ: "ಹೌದು, ಒಂದೇ ಸದಸ್ಯತ್ವದಲ್ಲಿ ಬುಕ್ ಮಾಡಿದ ಎರಡೂ ರೂಮುಗಳಿಗೆ ಅನ್ವಯಿಸುತ್ತದೆ." ಸ್ಕ್ರೀನ್‌ಶಾಟ್ ಲಗತ್ತಿಸಿದ್ದೇನೆ.

18ರ ಬೆಳಿಗ್ಗೆ ಏನಾಯಿತು ನೋಡಿ. ಅತ್ತೆಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಅರ್ಧ ಗಂಟೆಯೊಳಗೆ ಏನಾದರೂ ತಿನ್ನಲೇಬೇಕು. ಮಾತ್ರೆ ನುಂಗಿಯೇ ಕೆಳಗೆ ಬಂದಿದ್ದರು. ತಟ್ಟೆಯಲ್ಲಿ ಎರಡು ಇಡ್ಲಿ, ಸ್ವಲ್ಪ ಪೋಹಾ ಹಾಕಿಕೊಂಡು ಕೂತಿದ್ದಾರೆ. ಮೊದಲ ತುತ್ತು ಬಾಯಿಗೆ ಹೋಗಿಲ್ಲ. ನಿಮ್ಮ ಸಿಬ್ಬಂದಿ ಕೈಯಲ್ಲಿ ಪಟ್ಟಿ ಹಿಡಿದು ಬಂದು, ರೂಮ್ ನಂಬರ್ ಕೇಳಿ, ಈ ರೂಮಿಗೆ ತಿಂಡಿ ಇಲ್ಲ ಎಂದು ಎಲ್ಲರ ಮುಂದೆ ಹಿಂದಿಯಲ್ಲಿ ಹೇಳಿದರು. ಅತ್ತೆಗೆ ಹಿಂದಿ ಬರುವುದಿಲ್ಲ. ಆದರೆ ಪಟ್ಟಿಯ ಮೇಲಿದ್ದ ಬೆರಳು, ತಟ್ಟೆಯ ಕಡೆ ಹೋದ ನೋಟ, ಅಷ್ಟೇ ಸಾಕಾಯಿತು. ಚಮಚ ಕೆಳಗಿಟ್ಟರು. ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ಸರಿಸಿ, "ನಂಗೆ ಬೇಡ ಬಿಡಮ್ಮ, ರೂಮಲ್ಲಿ ಕೋಡುಬಳೆ ಇದೆ" ಎಂದು ಎದ್ದು ನಿಂತರು.

ನನ್ನ ಮನೆಯ ಹಿರಿಯರು ಊಟದ ಮುಂದಿಂದ ಎದ್ದರು. ಅದನ್ನು ನಾನು ಮರೆಯುವುದಿಲ್ಲ. ದುಡ್ಡು ನಾನು ಕೊಡುತ್ತೇನೆ ಎಂದು ಹೇಳಿ ಅವರನ್ನು ಮತ್ತೆ ಕೂರಿಸಿದೆ. ರಿಸೆಪ್ಶನ್ನಿನಲ್ಲಿ ಚಾಟ್ ತೋರಿಸಿದರೆ, "ಅದು ಕೇಂದ್ರ ಕಚೇರಿಯವರು ಹೇಳಿದ್ದು, ನಮ್ಮ ಸಿಸ್ಟಮಿನಲ್ಲಿ ಒಂದೇ ರೂಮಿಗೆ ತೋರಿಸುತ್ತಿದೆ" ಅಂದರು. ನಿಮ್ಮ ನಂಬರಿಗೆ ಫೋನ್ ಮಾಡಿದರೆ, ಹೋಟೆಲಿನವರೇ ನಿರ್ಧರಿಸಬೇಕು ಅಂದರು. ಮೂರು ಬೆಳಿಗ್ಗೆ, ಇಬ್ಬರಿಗೆ, ತಲೆಗೆ 850ರಂತೆ 5,100 ರೂಪಾಯಿ ಕಟ್ಟಿದೆ. ಬಿಲ್ಲುಗಳೂ ಜೊತೆಗಿವೆ.

ಕೊನೆಯ ದಿನ ಸಂಜೆ ನಾಲ್ಕರವರೆಗೆ ರೂಮು ಇಟ್ಟುಕೊಳ್ಳಿ ಎಂದು ಹಿಂದಿನ ರಾತ್ರಿ ಹೇಳಿದ್ದರು. ಮಧ್ಯಾಹ್ನ 12ಕ್ಕೆ ಕೀ ಕಾರ್ಡ್ ಕೆಲಸ ಮಾಡುವುದೇ ನಿಂತಿತು. ಇದು ರೂಮು ಖಾಲಿ ಇದ್ದರೆ ಮಾತ್ರ ಅನ್ನುವ ಷರತ್ತು ನನಗೆ ಗೊತ್ತು. ಅದಕ್ಕೆ ಪರಿಹಾರ ಕೇಳುತ್ತಿಲ್ಲ. ಡಬೋಕ್ ವಿಮಾನ ನಿಲ್ದಾಣಕ್ಕೆ ಹೊರಡುವ ತನಕ ಅತ್ತೆ ಲಾಬಿಯ ಸೋಫಾದಲ್ಲೇ ಒರಗಿದ್ದರು ಅನ್ನುವುದು ನಿಮಗೆ ಗೊತ್ತಿರಲಿ, ಅಷ್ಟೇ.

ನಾನು ಕೇಳುವುದು ಇಷ್ಟು. ತಿಂಡಿಗೆ ಕಟ್ಟಿದ 5,100 ರೂಪಾಯಿಯನ್ನು ನನ್ನ ಖಾತೆಗೆ ಹಾಕಿ. ಪಾಯಿಂಟ್ ರೂಪದಲ್ಲಿ ಬೇಡ, ದುಡ್ಡೇ ಬೇಕು. ಒಬ್ಬ ಸದಸ್ಯರ ಹೆಸರಿನಲ್ಲಿ ಎಷ್ಟು ರೂಮಿಗೆ ತಿಂಡಿ ಸಿಗುತ್ತದೆ ಅನ್ನುವುದನ್ನು ಪಾಯಿಂಟ್ ಬುಕಿಂಗ್ ಪುಟದಲ್ಲೇ ಬರೆಯಿರಿ, ಹೋಟೆಲುಗಳ ಸಿಸ್ಟಮಿನಲ್ಲೂ ಅದೇ ಇರಲಿ. ಮತ್ತೆ, ನಮ್ಮ ಅತ್ತೆಗೆ ಒಂದು ಕ್ಷಮಾಪಣೆಯ ಪತ್ರ ಕಳಿಸಿ. ಕನ್ನಡದಲ್ಲಿ ಬರೆಯಿರಿ, ಅವರೇ ಓದಿಕೊಳ್ಳುತ್ತಾರೆ.

ಈ ಪತ್ರ ತಲುಪಿದ 15 ದಿನದೊಳಗೆ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ ಮೈಸೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನಿರುವ ಊರಿನಲ್ಲೇ ದೂರು ಕೊಡಬಹುದು, ಉದಯಪುರಕ್ಕೆ ಅಲೆಯಬೇಕಾಗಿಲ್ಲ.

ಇಂತಿ,
ನಿಮ್ಮ ಗೋಲ್ಡ್ ಸದಸ್ಯೆ, ಮೈಸೂರು

ಲಗತ್ತು: ಚಾಟ್ ಸ್ಕ್ರೀನ್‌ಶಾಟ್, ತಿಂಡಿಯ ಮೂರು ಬಿಲ್ಲು, ಎರಡೂ ರೂಮಿನ ಬುಕಿಂಗ್ ಪ್ರತಿ